ಬಾಯಿ ಬಿಟ್ಟವು

ಮಂಗಳವಾರ, ಬೆಳಗಿನ ಜಾವ ನಾಲ್ಕು.
ಭಾಂಡುಪಿನ ನಮ್ಮ ತಲಾವಿನಲ್ಲಿ ಒಂದು ಸದ್ದು.
ಚಪ್. ಚಪ್ ಚಪ್.
ಗಂಜಿ ಉಣ್ಣುವಾಗ ಅಪ್ಪ ಮಾಡುತ್ತಿದ್ದಂಥದು.

ಟಾರ್ಚು ಬಿಟ್ಟೆ.
ಈ ದಡದಿಂದ ಆ ದಡದವರೆಗೆ ಬಾಯಿಗಳು.
ಕಟ್ಲಾ, ರೋಹು, ಅಂಗೈಯಗಲದ ತಿಲಾಪಿಯಾ,
ನೀರಿನ ತೊಗಲಿಗೆ ತುಟಿ ಅಂಟಿಸಿ
ದುಂಡಗೆ ತೆರೆದು, ಮುಚ್ಚಿ, ತೆರೆದು.

ಹಸಿವು ಅಂದುಕೊಂಡೆ.
ಮತ್ತೆಂತ ಅಂದುಕೊಳ್ಳುವುದು?
ನಾನು ಮಲ್ಪೆಯ ಕುಂದರ್,
ಹದಿನಾರು ವರ್ಷ ಸಸೂನ್ ಡಾಕಿನಲ್ಲಿ ಐಸು ಹೊತ್ತವನು.
ಕಡಲ ಮೀನು ನನ್ನ ಕೈಗೆ ಬರುವಾಗ
ಕೇಳುವುದೆಲ್ಲ ಕೇಳಿ ಮುಗಿಸಿರುತ್ತಿತ್ತು.
ಬೆನ್ನು ಹೋದ ಮೇಲೆ ಈ ಕೆಲಸ:
ಹಗಲು ಗಾಳದವರಿಗೆ ಚೀಟಿ ಹರಿಯುವುದು
(ಒಂದು ದಿನ, ಎರಡು ಗಾಳ, ಮರಿ ಸಿಕ್ಕರೆ ವಾಪಸು)
ರಾತ್ರಿ ಕಾವಲು.

ಶೆಡ್ಡಿನಿಂದ ಹಿಂಡಿಯ ಚೀಲ ಎಳೆದು ತಂದೆ,
ಬೊಗಸೆ ಬೊಗಸೆ ಎರಚಿದೆ.
ಒಂದೂ ಮುಟ್ಟಲಿಲ್ಲ.
ಹಿಂಡಿ ಅವುಗಳ ಹಣೆಗೆ ತಾಗಿ
ಜಾರಿ
ತಳಕ್ಕೆ ಹೋಯಿತು.
ಎಂಥ ಸೊಕ್ಕು ಮಾರಾಯ ಇವಕ್ಕೆ, ಎಂದೆ. ನಕ್ಕೆ ಕೂಡ.
ಅರ್ಧ ಚೀಲ.

ಬೆಳಕಾದಾಗ
ನೀರಿಗೆ ತಗಡಿನ ಮಾಡು ಹೊದಿಸಿದ ಹಾಗೆ ಬಿಳಿ.
ದೊಡ್ಡವು ಮೊದಲು ಸತ್ತಿದ್ದವು.
ಕಾಗೆಗಳಿಗೂ ಎಲ್ಲಿಂದ ಶುರು ಮಾಡುವುದೆಂದು ತಿಳಿಯದೆ
ಬೇಲಿಯ ಮೇಲೆ ಸಾಲಾಗಿ ಕೂತಿದ್ದವು.

ಜನ ಬಂದರು. ಕಾರಣಗಳೂ ಬಂದವು.
ಗಣಪತಿಯ ಬಣ್ಣ, ಎಂದ ದತ್ತಾರಾಂ ಭೋಯಿರ್,
ಹೋದ ವರ್ಷ ಅದೇ ಗಣಪತಿಯನ್ನು ತಲೆ ಮೇಲೆ ಹೊತ್ತು ತಂದವನು.
ಸೊಸೈಟಿಯ ಸೆಕ್ರೆಟರಿಗೆ ವಿಷದ ಅನುಮಾನ;
ಅವರ ಸೊಸೈಟಿಯ ಪೈಪು
ಕೆಸುವಿನೆಲೆಗಳ ಮರೆಯಲ್ಲಿ ತಣ್ಣಗೆ ಹರಿಯುತ್ತಿತ್ತು.
ಮೊದಲ ಮಳೆಯ ನಂಜು ಅಂದರು, ಗ್ರಹಣ ಅಂದರು.
ಗ್ರಹಣ ಇನ್ನೂ ಆಗಿರಲೇ ಇಲ್ಲ.

ಸೊಹ್ರಾಬ್ ಮಾಸ್ತರರು ಮಾತಾಡಲಿಲ್ಲ.
ಒಂಬತ್ತು ವರ್ಷದಿಂದ ಒಂದೇ ಕಟ್ಲಾವನ್ನು
ಹಿಡಿದು, ತೂಗಿ, ಬಿಟ್ಟು ಬರುತ್ತಿದ್ದವರು.
ಪ್ಯಾಂಟು ಮೊಣಕಾಲಿಗೆ ಮಡಿಚಿ ನೀರಿಗಿಳಿದು
ಒಂದೊಂದರ ತುಟಿ ಮುಟ್ಟಿ ನೋಡಿದರು.
ಹರಿದ ಎಡತುಟಿ ಸಿಕ್ಕಿತು.
ಅದನ್ನು ಎತ್ತಿ ತಂದು ನನ್ನ ಕುರ್ಚಿಯ ಮೇಲೆ ಮಲಗಿಸಿ
ಕೇಳಿದ್ದು ಇಷ್ಟೇ:
ಎಷ್ಟು ಗಂಟೆಗೆ?

ಮಧ್ಯಾಹ್ನ ಪರಾಂಜಪೆ ಮೇಡಂ ಬಂದರು, ಲ್ಯಾಬಿನವರು.
ನೀರಿಗೆ ತಂತಿ ಇಳಿಸಿದರು, ಬಾಟಲಿ ತುಂಬಿದರು.
ವಿಷ ಅಲ್ಲ, ಉಸಿರು, ಎಂದರು.
ಮೂರು ದಿನ ಮೋಡ. ಪಾಚಿಗೆ ಬಿಸಿಲಿಲ್ಲ.
ಹಗಲು ಉಸಿರು ಕೊಡುವ ಪಾಚಿಯೇ
ರಾತ್ರಿ ಮೀನಿನ ಪಾಲನ್ನೂ ಎಳೆದುಕೊಳ್ಳುತ್ತದೆ.
ಸೋಮವಾರದ ಮಳೆ ತಳದ ಕೊಳಕನ್ನು ಮೇಲೆ ಮಗುಚಿದೆ.
ಮೋರಿಯ ನೀರು, ದೇವರ ಹೂವು,
ಪುಣ್ಯಕ್ಕೆಂದು ಎಸೆದ ಬ್ರೆಡ್ಡು,
ಕೊಳೆಯುವುದಕ್ಕೂ ಉಸಿರು ಬೇಕಲ್ಲ?
ಪಾಪ, ಜಾವದಲ್ಲಿ ಮೇಲೆ ಬಂದು
ಗಾಳಿಗೆ ಬಾಯಿ ಬಿಟ್ಟಿರುತ್ತವೆ.
ಆಗ ಯಾರಾದರೂ ಪಂಪು ಹಚ್ಚಿದ್ದರೆ...

ಪಂಪು ಶೆಡ್ಡಿನಲ್ಲೇ ಇತ್ತು.
ಹಿಂಡಿಯ ಚೀಲ ಅದಕ್ಕೇ ಒರಗಿತ್ತು.

ಸೆಕ್ರೆಟರಿ ನನ್ನ ಕಡೆ ತಿರುಗಿದ:
ರಾತ್ರಿ ಏನು ನೋಡಿದೆ? ಬಾಯಿ ಬಿಡೋ.
ಬಿಟ್ಟೆ.
ಮುಚ್ಚಿದೆ.
ಮತ್ತೆ ಬಿಟ್ಟೆ.
ಸೊಹ್ರಾಬ್ ಮಾಸ್ತರರು ನನ್ನನ್ನೇ ನೋಡುತ್ತಿದ್ದರು,
ಗಾಳದ ಬೆಂಡನ್ನು ನೋಡುವ ಹಾಗೆ.

ಎರಡು ಟೆಂಪೊ ತುಂಬ ಹೋದವು.
ಗಮ್‌ಬೂಟಿನ ಹೆಂಗಸರು ಬಲೆಬುಟ್ಟಿ ತೊಳೆದು ಹೋದರು.
ಮನೆಗೆ ಹೋಗಿ ಮೂರು ಸಲ ಕೈ ತಿಕ್ಕಿದೆ.
ನಾರಿದ್ದು ಮೀನಲ್ಲ, ಹಿಂಡಿ.

ಈಗ ಜಾವಕ್ಕೆ ನಾನೇ ಪಂಪು ಹಚ್ಚುತ್ತೇನೆ,
ಇರುವ ಮೀನಿಗಿಂತ ಡೀಸೆಲ್ಲೇ ದುಬಾರಿ.
ನಿಲ್ಲಿಸಿದ ಮೇಲೆ ಸ್ವಲ್ಪ ಹೊತ್ತು ಕೂರುತ್ತೇನೆ.
ಒಮ್ಮೊಮ್ಮೆ ಮುಗುಡು ಮೀನೊಂದು ಮೇಲೆ ಬರುತ್ತದೆ,
ಕೆಸರಲ್ಲೂ ಬದುಕುವ ಜಾತಿ, ಮೀಸೆ ಬೇರೆ.
ಒಂದು ಗುಟುಕು ಗಾಳಿ ಕುಡಿದು
ನನ್ನನ್ನು ಏನೂ ಕೇಳದೆ
ಕೆಳಗೆ ಹೋಗುತ್ತದೆ.